ರೈಮೋ ಬಾಟಲಿಯ ನೊರೆ

ಉಳ್ಳಾಲ
12 ಫೆಬ್ರವರಿ 2024

ಮೋಕ್ಷಾ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ, ಹಾಗಾಗಿ ಬರೀ ಹೆಸರು. ನಿನ್ನ ನಂಬರನ್ನು ಬ್ಲಾಕ್ ಮಾಡಿ ವರ್ಷವಾಗುತ್ತಾ ಬಂತು, ಅದನ್ನು ತೆರೆಯುವ ಆಲೋಚನೆ ನನಗಿಲ್ಲ. ಅದಕ್ಕೇ ಈ ರಿಜಿಸ್ಟರ್ ಪೋಸ್ಟು. ಜೊತೆಗೆ ಒಂದು ಕಾರ್ಡು ಬರುತ್ತದೆ, ಸಹಿ ಹಾಕಿ ಪೋಸ್ಟ್‌ಮ್ಯಾನ್ ಕೈಗೆ ಕೊಡು. ಅದು ತಿರುಗಿ ನನ್ನ ಹತ್ತಿರ ಬರುತ್ತದೆ. ಫೋನಿನಲ್ಲಿ ಹೇಳಿದ್ದನ್ನು ‘ನೀನು ಹೇಳಲೇ ಇಲ್ಲ ಮಾರಾಯ್ತಿ’ ಎಂದು ನುಂಗುವವಳು ನೀನು. ಸಹಿ ಹಾಕಿದ ಮೇಲೆ ನುಂಗಲು ಆಗುವುದಿಲ್ಲ.

ವಿಷಯ ನಮ್ಮ ನೆಲದ ಕ್ಲೀನರ್, ನಮ್ಮ ರೈಮೋ. ತಪ್ಪಾಯಿತು, ನಿನ್ನ ರೈಮೋ.

ನಾನೀಗ ಬಲ್ಮಠದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ನಮ್ಮ ಕಟ್ಟಡದ ವರಾಂಡ ಒರೆಸುವುದೂ ನಿನ್ನ ರೈಮೋದಲ್ಲೇ. ಕಳೆದ ವಾರ ಅಲ್ಲಿಟ್ಟಿದ್ದ ಬಕೆಟಿನಲ್ಲಿ ನೊರೆ ಕಂಡೆ. ನಾನು ನಿಮ್ಮ ಕೂಳೂರಿನ ಶೆಡ್ಡಿನಲ್ಲಿ ಕಲಸುತ್ತಿದ್ದ ರೈಮೋದಲ್ಲಿ ನೊರೆ ಬರುತ್ತಿರಲಿಲ್ಲ. ಅದಕ್ಕೇ ಅಲ್ಲವಾ ಅಂಗಡಿಯವರು ‘ಇದೆಂತ, ನೀರಾ?’ ಎಂದು ಬಾಟಲಿ ವಾಪಸು ಕೊಡುತ್ತಿದ್ದದ್ದು? ನಾನು ಆ ಬಕೆಟಿನ ಒಂದು ಹನಿ ನೀರನ್ನು ಲ್ಯಾಬಿನ ತಟ್ಟೆಗೆ ಸವರಿ ಬೆಚ್ಚಗೆ ಇಟ್ಟೆ. ಮರುದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ. ಹಸಿರು ಬಣ್ಣ, ಕಳಿತ ದ್ರಾಕ್ಷಿಯ ವಾಸನೆ. ಸ್ಯೂಡೊಮೋನಾಸ್ ಎಂದು ಅದರ ಹೆಸರು, ಹದ ತಪ್ಪಿದ ಕ್ಲೀನರ್ ಎಂದರೆ ಅದಕ್ಕೆ ತವರು ಮನೆ. ಕೊಲ್ಲಬೇಕಾದ ನೀರಿನಲ್ಲೇ ಅವು ಸಂಸಾರ ಹೂಡಿದ್ದವು. ಆಮೇಲೆ ಅಂಗಡಿಯಿಂದ ಹೊಸ ಬಾಟಲಿ ತಂದು ಕುಲುಕಿದೆ. ಅರ್ಧ ಬಾಟಲಿ ನೊರೆ ಎದ್ದಿತು.

ನೀನು ಸೋಪು ಹಾಕಿದ್ದಿ. ಪಾತ್ರೆ ತೊಳೆಯುವ ಸೋಪು.

ಕೇಳು. ಬ್ಯಾಕ್ಟೀರಿಯಾದ ಮೈಗೆ ತೆಳ್ಳಗಿನ ಒಂದು ಜಿಡ್ಡಿನ ಪೊರೆ ಉಂಟು. ಆ ಪೊರೆಯ ಮೇಲೆ ಋಣ ವಿದ್ಯುತ್ತು. ನಾವು ಹಾಕುತ್ತಿದ್ದ ಮದ್ದಿಗೆ ಧನ ವಿದ್ಯುತ್ತು. ಹಾಗಾಗಿ ಮದ್ದು ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ, ತನ್ನ ಎಣ್ಣೆಯಂಥ ಬಾಲವನ್ನು ಪೊರೆಯೊಳಗೆ ತೂರಿಸುತ್ತದೆ, ಪೊರೆ ಹರಿಯುತ್ತದೆ, ಒಳಗಿದ್ದದ್ದೆಲ್ಲ ಸೋರಿ ಅದು ಸಾಯುತ್ತದೆ. ಇಷ್ಟಾಗಲು ನೆಲ ಹತ್ತು ನಿಮಿಷ ಒದ್ದೆಯಾಗಿರಬೇಕು. ಹಾಕಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿದರೆ ಕೆಲಸ ಅರ್ಧಕ್ಕೇ ನಿಂತಿತು. ಈಗ ನಿನ್ನ ಸೋಪಿಗೂ ಋಣ ವಿದ್ಯುತ್ತೇ. ಮದ್ದಿಗೆ ಬ್ಯಾಕ್ಟೀರಿಯಾವೂ ಒಂದೇ, ಸೋಪೂ ಒಂದೇ. ಬಾಟಲಿಯೊಳಗೇ ಎರಡೂ ಅಪ್ಪಿಕೊಂಡು ಕೂತುಬಿಡುತ್ತವೆ. ಸೋಪು ಕೊಳೆ ತೆಗೆಯುತ್ತದೆ, ಒಳ್ಳೆಯದು. ಮದ್ದು ಕೊಲ್ಲುತ್ತದೆ, ಅದೂ ಒಳ್ಳೆಯದು. ಎರಡು ಒಳ್ಳೆಯದನ್ನು ಕೂಡಿಸಿದರೆ ದುಪ್ಪಟ್ಟು ಒಳ್ಳೆಯದಾಗುತ್ತದೆ ಎಂಬುದು ನಿನ್ನ ಬುದ್ಧಿ. ಹಾಲೂ ಒಳ್ಳೆಯದು, ಹುಣಸೆ ಹುಳಿಯೂ ಒಳ್ಳೆಯದು. ಒಂದೇ ಲೋಟಕ್ಕೆ ಹಾಕಿ ಕುಡಿ.

ಇಷ್ಟನ್ನು ನಿನ್ನ ಮೇಲಿನ ಕನಿಕರಕ್ಕೆ ಹೇಳುತ್ತಿದ್ದೇನೆ ಎಂದು ತಿಳಿಯಬೇಡ. ರೈಮೋದ ಆರ್ಡರು ಕೇಳಲು ನಾವಿಬ್ಬರೂ ಹೋಗಿದ್ದ ಆ ಅಪಾರ್ಟ್‌ಮೆಂಟಿನ ಮೀಟಿಂಗ್ ನನಗೆ ಮರೆತಿಲ್ಲ. ಸೆಕ್ರೆಟರಿ ಬಾಟಲಿ ತಿರುಗಿಸಿ ನೋಡಿ, ‘ರೈಮೋದಲ್ಲಿ ಮೋ ನೀವು. ರೈ ಯಾರು? ಪುತ್ತೂರಿನ ರೈಗಳಾ?’ ಎಂದು ಕೇಳಿದ. ರೈ ಎಂದರೆ ರೈಹಾನಾ ಎಂದು ಹೇಳಲು ನಿನಗೆ ಒಂದು ಉಸಿರು ಸಾಕಿತ್ತು. ನೀನು, ‘ಹೌದು ಸರ್, ಪುತ್ತೂರಿನವರು, ಬಂಟರು’ ಅಂದಿ. ಅವನು ನನ್ನ ತಲೆಯ ಮೇಲಿನ ಶಾಲಿನ ಕಡೆ ನೋಡಿ, ‘ಇವರು?’ ಅಂದ. ‘ಕ್ಯಾನ್ ಹೊರಲಿಕ್ಕೆ ಬಂದವರು’ ಅಂದಿ. ನಾನು ಕಲಸಿದ ಕ್ಯಾನು, ನನ್ನ ಕೈಯಲ್ಲೇ ಇತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನೀನು ಆನೆ ಕೊಡುವವಳೂ ಅಲ್ಲ. ಸೋಪು ತೆಗಿ. ತೆಗೆಯುವುದಿಲ್ಲವಾದರೆ ಬಾಟಲಿಯ ಮೇಲಿಂದ ‘ಕೀಟಾಣುನಾಶಕ’ ಎಂಬುದನ್ನು ತೆಗಿ. ಹೇಳಿದ್ದೇನೆ.

ಇತಿ,
ಪುತ್ತೂರಿನ ರೈ


ಕೂಳೂರು
26 ಫೆಬ್ರವರಿ 2024

ರೈಹಾ,

ನಿನ್ನ ಕಾರ್ಡಿಗೆ ಸಹಿ ಹಾಕಿ ಕೊಟ್ಟಿದ್ದೇನೆ. ಫ್ರೇಮ್ ಹಾಕಿಸಿ ಗೋಡೆಗೆ ತೂಗಿಸು.

ಎಂತ ಮಾರಾಯ್ತಿ, ಒಂದು ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಒಮ್ಮೆಲೇ ಪಾಠ ಮಾಡ್ಲಿಕ್ಕೆ ಬಂದಿದ್ದಿ. ನಿನಗೆ ಎಂತ ಆಗಿದೆ ಎಂದು ನಾನು ಹೇಳಲಾ? ಹೊಟ್ಟೆಕಿಚ್ಚು. ನೀನು ಇರುವಾಗ ರೈಮೋ ಶೆಡ್ಡಿನಲ್ಲಿ ಕೊಳೆಯುತ್ತಿತ್ತು. ನೀನು ಹೋದ ಮೇಲೆ ಕೂಳೂರಿನಿಂದ ತೊಕ್ಕೊಟ್ಟಿನವರೆಗೆ ಅಂಗಡಿ ಅಂಗಡಿಯಲ್ಲಿ ಉಂಟು. ಅದು ನಿನಗೆ ತಡೆಯುವುದಿಲ್ಲ.

ಹೌದು, ಸೋಪು ಹಾಕಿದ್ದೇನೆ. ಕದ್ದು ಮುಚ್ಚಿ ಹಾಕಿದ್ದಲ್ಲ. ನೊರೆ ಬಾರದೆ ಕ್ಲೀನ್ ಆಯಿತು ಅಂದರೆ ನಮ್ಮ ಊರಿನ ಯಾವ ಹೆಂಗಸು ನಂಬುತ್ತಾಳೆ? ಬಟ್ಟೆಗೆ ನೊರೆ ಬೇಕು, ತಲೆಗೆ ನೊರೆ ಬೇಕು, ಬಚ್ಚಲಿಗೆ ನೊರೆ ಬೇಕು, ನೆಲಕ್ಕೆ ಮಾತ್ರ ಬೇಡವಾ? ಮತ್ತೆ ನಿನ್ನ ಆ ಹತ್ತು ನಿಮಿಷ! ಮನೆಮಂದಿಯೆಲ್ಲ ಹತ್ತು ನಿಮಿಷ ಕಾಲು ಮಡಚಿ ಮಂಚದ ಮೇಲೆ ಕೂತುಕೊಳ್ಳಬೇಕಾ? ಆ ಮಾತನ್ನು ನೀನು ಲೇಬಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದಿ. ನಾನು ಅದನ್ನೂ ತೆಗೆದೆ. ವ್ಯಾಪಾರ ಅಂದರೆ ಪರೀಕ್ಷೆ ಹಾಲ್ ಅಲ್ಲ.

ನಿನ್ನ ಕೋಪ ನನಗೆ ಗೊತ್ತಿಲ್ಲವಾ? ಕಾಲೇಜಿನಲ್ಲಿ ಮನ್ವಿತಾ ಒಂದು ಮಾತು ಹೇಳಿದ್ದಕ್ಕೆ ಡಿಗ್ರಿ ಮುಗಿಯುವವರೆಗೆ ಅವಳ ಬೆಂಚಿನ ಹತ್ತಿರ ಸುಳಿಯದವಳು ನೀನು. ಅಂಥವಳು ನನ್ನ ಒಳ್ಳೆಯದಕ್ಕೆ ಕಾಗದ ಬರೆಯುತ್ತಾಳಾ? ನಾನು ಸೋಪು ತೆಗೆಯಬೇಕು, ನೊರೆ ನಿಲ್ಲಬೇಕು, ಬಾಟಲಿ ವಾಪಸು ಬರಬೇಕು, ನೀನು ಉಳ್ಳಾಲದಲ್ಲಿ ಕೂತು ನಗಬೇಕು. ಇಷ್ಟೇ ತಾನೇ ನಿನ್ನ ಲೆಕ್ಕ? ನಿನ್ನ ಕಾಗದ ಓದಿದ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಸೋಪು ಹಾಕಿಸಿದೆ. ಈಗ ನೊರೆ ಮೊದಲಿಗಿಂತ ಪೊರ್ಲು, ಚಂದ ಬರುತ್ತದೆ.

ಆ ಮೀಟಿಂಗಿನ ವಿಷಯ. ಆ ದಿನ ಅಲ್ಲಿ ಎಂಥ ಜನ ಕೂತಿದ್ದರು ಎಂದು ನಿನಗೂ ಗೊತ್ತು. ನಾನು ನಿಜ ಹೇಳಿದ್ದರೆ ನಿನಗೂ ಇಲ್ಲ ನನಗೂ ಇಲ್ಲ. ನಾನು ನಿನ್ನ ಹೆಸರನ್ನು ಬಾಟಲಿಯಿಂದ ಅಳಿಸಲಿಲ್ಲವಲ್ಲ? ರೈ ಈಗಲೂ ಹಾಗೇ ಉಂಟು. ಅಷ್ಟಾದರೂ ನೆನಪಿಡು.

ಇನ್ನೊಂದು. ಪಪ್ಪನ ಶುಗರ್ ಮೇಲೆ ಹೋಗಿ ಬಲಗಾಲಿನ ಅಡಿಗೆ ಗಾಯ ಆಗಿದೆ. ಡ್ರೆಸ್ಸಿಂಗ್ ಮನೆಯಲ್ಲೇ. ಅವರ ಕೋಣೆ, ಸ್ಟೂಲು, ರಬ್ಬರ್ ಶೀಟು, ಎಲ್ಲವನ್ನೂ ನಾನೇ ರೈಮೋದಲ್ಲಿ ಒರೆಸುತ್ತೇನೆ. ಬೇಸಿನ್ನಿನ ನೀರಿಗೂ ಒಂದು ಮುಚ್ಚಳ ರೈಮೋ ಹಾಕಿ ಅವರ ಕಾಲನ್ನು ಅದ್ದಿಡುತ್ತೇನೆ. ಅದು ಬರೀ ನೊರೆಯಾಗಿದ್ದರೆ ಹೆತ್ತ ಅಪ್ಪನ ಕಾಲಿಗೆ ಹಾಕುತ್ತಿದ್ದೆನಾ? ನೀನೇ ಹೇಳು.

ಮೋಕ್ಷಾ


ಉಳ್ಳಾಲ
4 ಮಾರ್ಚ್ 2024

ಮೋಕ್ಷಾ,

ಕಾರ್ಡು ಬಂತು. ಸಹಿ ಚಂದ ಉಂಟು.

ನಂಬಬೇಡ. ಇದನ್ನು ಹಲ್ಲು ಕಚ್ಚಿ ಹೇಳುತ್ತಿಲ್ಲ, ಮನಸ್ಸು ತುಂಬಿ ಹೇಳುತ್ತಿದ್ದೇನೆ. ನಾನು ಬರೆದದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಮತ್ತು ಒಂದು ಅಕ್ಷರವನ್ನೂ ನೀನು ನಂಬಬಾರದು ಎಂದು ನನ್ನ ಆಸೆ. ಇನ್ನಷ್ಟು ಸೋಪು ಹಾಕು. ನೊರೆ ಬಾಟಲಿಯ ಕುತ್ತಿಗೆಯವರೆಗೆ ಬರಲಿ. ಒಂದು ದಿನ ಯಾರೋ ಒಬ್ಬರು ನಿನ್ನ ಬಾಟಲಿಯನ್ನು ನನ್ನ ಹಾಗೆ ಪರೀಕ್ಷೆಗೆ ಹಾಕುತ್ತಾರೆ, ಊರಿಡೀ ಗೊತ್ತಾಗುತ್ತದೆ. ಆಗ ನಿನ್ನ ಆ ಸೆಕ್ರೆಟರಿ ಕೇಳಿದರೆ, ಕಲಸಿದ್ದು ಪುತ್ತೂರಿನ ರೈ ಎಂದು ಹೇಳು. ಅವರ ಮನೆ ಬಾಗಿಲು ಬಡಿಯಲಿ, ಪಾಪ.

ಹೆಸರು ಅಳಿಸಲಿಲ್ಲ ಎಂದು ಉಪಕಾರ ಹೇಳುತ್ತಿದ್ದಿ. ಅಳಿಸಿದ್ದರೆ ಮರೆಯುತ್ತಿದ್ದೆನೋ ಏನೋ. ನೀನು ನನ್ನ ಹೆಸರನ್ನು ಇಟ್ಟುಕೊಂಡು ಅದರೊಳಗಿಂದ ನನ್ನನ್ನು ಹೊರಗೆ ಹಾಕಿದ್ದಿ. ಆ ದಿನ ಕ್ಯಾನನ್ನು ಅಲ್ಲೇ ಮೆಟ್ಟಿಲ ಮೇಲೆ ಇಟ್ಟು ಇಳಿದು ಬಂದೆ, ಬಸ್ ಸ್ಟ್ಯಾಂಡಿನವರೆಗೆ ಅತ್ತೆ. ನಿನಗಾಗಿ ಅಲ್ಲ, ನನ್ನ ಬುದ್ಧಿಗೇಡಿತನಕ್ಕೆ.

ಲೋಕಯ್ಯ ಮಾಮನ ಕಾಲಿನ ವಿಷಯ ಓದಿದೆ. ಬರೆದುಕೋ. ನೆಲಕ್ಕೆ ಹಾಕುವ ಮದ್ದು ಗಾಯಕ್ಕಲ್ಲ, ಸೋಪು ಇದ್ದರೂ ಅಲ್ಲ, ಇಲ್ಲದಿದ್ದರೂ ಅಲ್ಲ. ಅದ್ದುವುದನ್ನು ನಿಲ್ಲಿಸು. ಗಾಯವನ್ನು ಡಾಕ್ಟರು ಹೇಳಿದ ಹಾಗೆ ಮಾತ್ರ ತೊಳೆ. ಬೇಸಿನ್ನನ್ನೂ ಸ್ಟೂಲನ್ನೂ ಮೊದಲು ಸೋಪಿನಲ್ಲಿ ಉಜ್ಜು, ಸೋಪು ಪೂರ್ತಿ ಹೋಗುವವರೆಗೆ ನೀರು ಹಾಕು, ಆಮೇಲೆ ಬ್ಲೀಚಿಂಗ್ ಪೌಡರಿನ ತಿಳಿನೀರಿನಲ್ಲಿ ಒದ್ದೆ ಮಾಡಿ ಸ್ವಲ್ಪ ಹೊತ್ತು ಬಿಟ್ಟು ತೊಳೆ. ಬ್ಲೀಚು ಬ್ಯಾಕ್ಟೀರಿಯಾದ ಒಳಗಿನ ಪ್ರೋಟೀನನ್ನೇ ಸುಟ್ಟುಹಾಕುತ್ತದೆ. ಆದರೆ ಅದಕ್ಕೆ ಯಾರು ಎದುರು ಸಿಕ್ಕಿದರೂ ಸರಿ. ಮೊದಲು ಕೊಳೆ ಸಿಕ್ಕಿದರೆ ಕೊಳೆಯ ಮೇಲೇ ಮುಗಿದುಹೋಗುತ್ತದೆ, ಬ್ಯಾಕ್ಟೀರಿಯಾದವರೆಗೆ ಮುಟ್ಟುವುದೇ ಇಲ್ಲ. ಅದಕ್ಕೆ ಬೇರೆ ಎಂತದನ್ನೂ ಬೆರೆಸಬೇಡ. ಟಾಯ್ಲೆಟ್ಟಿನ ಆ್ಯಸಿಡ್ ತಾಗಿದರೆ ವಿಷಗಾಳಿ ಏಳುತ್ತದೆ. ಬಕೆಟಿನ ನೀರನ್ನು ದಿನವೂ ಚೆಲ್ಲು, ನಿನ್ನೆಯದಕ್ಕೆ ಇವತ್ತಿನದನ್ನು ಸುರಿಯಬೇಡ.

ನೋಡು, ಎಷ್ಟು ಸರಿಯಾಗಿ ಹೇಳಿದ್ದೇನೆ. ಡಾಕ್ಟರಿಗೆ ತೋರಿಸಿದರೂ ತಪ್ಪು ಸಿಗಲಿಕ್ಕಿಲ್ಲ. ಮತ್ತು ನಾನು ಹೇಳಿದ್ದು ಎಂಬ ಒಂದೇ ಕಾರಣಕ್ಕೆ ನೀನು ಇದರಲ್ಲಿ ಯಾವುದನ್ನೂ ಮಾಡುವವಳಲ್ಲ.

ಬರೆಯುತ್ತಿರುವಾಗ ಉಮ್ಮ ಬಂದು, ‘ಎಂತ ಬರೆಯುವುದು ಅಷ್ಟೊಂದು?’ ಎಂದು ಕೇಳಿದರು. ‘ಮೋಕ್ಷಾಳಿಗೆ ಬುದ್ಧಿ ಹೇಳ್ತಾ ಇದ್ದೇನೆ’ ಅಂದೆ. ಉಮ್ಮ ನನ್ನ ಮುಖವನ್ನೇ ನೋಡಿ, ‘ಮೋರೆ ನೋಡಿದರೆ ಬುದ್ಧಿ ಹೇಳುವ ಹಾಗೆ ಕಾಣುವುದಿಲ್ಲ’ ಅಂದರು. ನನ್ನ ತಾಯಿ ಐಸಮ್ಮನಿಗೆ ಓದು ಬರುವುದಿಲ್ಲ ಎಂದು ಯಾರು ಹೇಳಿದ್ದು?

ಇದೂ ರಿಜಿಸ್ಟರ್. ಕಾರ್ಡಿಗೆ ಸಹಿ ಹಾಕು.

ಪುತ್ತೂರಿನ ರೈ


ಕೂಳೂರು
5 ಏಪ್ರಿಲ್ 2024

ಪ್ರೀತಿಯ ರೈಹಾನಾ ಮಗಳಿಗೆ,

ನಿನ್ನ ಲೋಕಯ್ಯ ಮಾಮ ಮಾಡುವ ಆಶೀರ್ವಾದ. ನಾನು ಕಾಗದ ಬರೆಯುವುದು ನೋಡಿ ನೀನು ನಗಬಹುದು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವನಿಗೆ ಪೆನ್ನು ಹಿಡಿಯುವುದು ಅಷ್ಟೇನೂ ಅಭ್ಯಾಸವಿಲ್ಲ. ಫೋನ್ ಮಾಡಿದರೆ ಮೋಕ್ಷಾಳಿಗೆ ಕೇಳುತ್ತದೆ, ನಿನ್ನ ಹೆಸರೆತ್ತಿದರೆ ಅವಳ ಮುಖ ಊದುತ್ತದೆ. ನಿನ್ನ ಕಾಗದ ಬಂದಾಗ ಲಕೋಟೆಯ ಹಿಂದೆ ವಿಳಾಸ ನೋಡಿಟ್ಟುಕೊಂಡೆ. ಒಳಗೆ ಎಂತ ಇತ್ತು ಎಂದು ಅವಳು ತೋರಿಸಲಿಲ್ಲ, ಹರಿದು ಒಲೆಗೆ ಹಾಕಿದಳು. ಇದನ್ನು ಪಕ್ಕದ ಮನೆಯ ಲಿಗೋರಿ ಪೋಸ್ಟಿಗೆ ಹಾಕುತ್ತಾನೆ.

ನೀವಿಬ್ಬರೂ ಎಂತಕ್ಕೆ ಜಗಳ ಮಾಡಿದ್ದು ಮಗಾ? ಕೇಳಿದರೆ ಇವಳು, ‘ಅವಳಿಗೆ ಬಲ್ಮಠದಲ್ಲಿ ದೊಡ್ಡ ಕೆಲಸ ಸಿಕ್ಕಿದೆ ಪಪ್ಪ, ಈಗ ನಾವೆಲ್ಲ ಕಣ್ಣಿಗೆ ಬೀಳುವುದಿಲ್ಲ’ ಎನ್ನುತ್ತಾಳೆ. ನಾನು ನಂಬಲಿಲ್ಲ. ಶೆಡ್ಡಿನಲ್ಲಿ ಕೈಗೆ ಗ್ಲೌಸ್ ಹಾಕಿ ಕೂತು, ‘ಮಾಮ, ಇದನ್ನು ಮೂಸಬೇಡಿ, ಅದನ್ನು ಮುಟ್ಟಬೇಡಿ’ ಎಂದು ನನ್ನನ್ನು ಗದರಿಸುತ್ತಿದ್ದ ಹುಡುಗಿ ಅಂಥವಳಲ್ಲ. ಬಸ್ಸಿನಲ್ಲಿ ಎಷ್ಟು ಜನರನ್ನು ನೋಡಿದ್ದೇನೆ, ಟಿಕೆಟ್ ತೆಗೆಯದವನ ಮುಖ ದೂರದಿಂದಲೇ ಗೊತ್ತಾಗುತ್ತದೆ ನನಗೆ.

ನಿಮ್ಮ ಪೆರ್ನಾಲ್ ಹಬ್ಬ ಹತ್ತಿರ ಬಂತು. ಕಳೆದ ಸಲ ನಿಮ್ಮ ಮನೆಯಿಂದ ಬಿರಿಯಾನಿ ಬರಲಿಲ್ಲ. ನನಗೆ ಶುಗರ್ ಎಂದು ಕಳಿಸದೆ ಇದ್ದದ್ದಾದರೆ ಐಸಮ್ಮನಿಗೆ ಹೇಳು, ಬಿರಿಯಾನಿಯಲ್ಲಿ ಸಕ್ಕರೆ ಇಲ್ಲ.

ಈಗ ನನ್ನ ಕಾಲಿನ ವಿಷಯ. ಗಾಯ ವಾಸಿಯಾಗುವುದು ಕಾಣುವುದಿಲ್ಲ. ಮೋಕ್ಷಾ ಪಾಪ ಹಗಲಿಡೀ ನನ್ನ ಕಾಲಿನ ಬುಡದಲ್ಲೇ. ನಿಮ್ಮ ರೈಮೋ ಹಾಕಿ ಕಾಲು ಅದ್ದಿಸುತ್ತಾಳೆ, ಒಳ್ಳೆ ನೊರೆ ಬರುತ್ತದೆ. ಆದರೆ ಮೊನ್ನೆಯಿಂದ ಪಟ್ಟಿ ಬಿಚ್ಚಿದರೆ ಹಸಿರು ಬಣ್ಣ. ಒಂದು ನಮೂನೆ ಸಿಹಿ ವಾಸನೆ, ದ್ರಾಕ್ಷಿ ಕೊಳೆತ ಹಾಗೆ. ‘ಅದು ಮುಲಾಮಿನ ಬಣ್ಣ ಪಪ್ಪ’ ಎನ್ನುತ್ತಾಳೆ. ಮುಲಾಮು ಬಿಳಿ. ನೋವು ಅಷ್ಟಿಲ್ಲ, ಆದರೆ ಶುಗರಿನವನಿಗೆ ಕಾಲಿನ ನೋವು ಎಲ್ಲಿ ಗೊತ್ತಾಗುತ್ತದೆ? ಆಸ್ಪತ್ರೆಗೆ ಹೋಗುವ ದಿನಕ್ಕೆ ಇನ್ನೂ ಒಂದು ವಾರ ಉಂಟು. ನೀನು ಇದನ್ನೆಲ್ಲ ಓದಿದವಳು. ಇದು ಎಂತದ್ದು ಎಂದು ನನಗೆ ಒಂದು ಸಾಲು ಬರೆ. ಮೋಕ್ಷಾಳಿಗೆ ಹೇಳುವುದು ಬೇಡ, ಹೆದರುತ್ತಾಳೆ.

ಆಗುವುದಾದರೆ ಬಾ. ಬಾಗಿಲು ತೆಗೆದೇ ಉಂಟು.

ನಿನ್ನ ಮಾಮ,
ಲೋಕಯ್ಯ


ಕೂಳೂರು
20 ಮೇ 2024

ರೈಹಾನಾ,

ಪಪ್ಪನನ್ನು ಮೊನ್ನೆ ಮನೆಗೆ ಕರೆದುಕೊಂಡು ಬಂದೆವು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ನಿನಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ನನ್ನ ಬಾಯಿಂದಲೇ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ಸೋಂಕು ಎಲುಬಿಗೆ ಇಳಿದಿತ್ತು ಎಂದರು ಡಾಕ್ಟರು. ಬೇಸಿನ್ನಿನ ನೀರನ್ನೂ ಪಟ್ಟಿಯನ್ನೂ ಪರೀಕ್ಷೆಗೆ ಕಳಿಸಿದ್ದರು. ಎರಡರಲ್ಲೂ ಒಂದೇ ಬ್ಯಾಕ್ಟೀರಿಯಾ, ನೀನು ಹೇಳಿದ್ದೇ.

ಪೆರ್ನಾಲಿನ ಹಿಂದಿನ ದಿನ ಮಧ್ಯಾಹ್ನ ನೀನು ಬಂದದ್ದು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಉಪವಾಸದ ಬಾಯಿ, ಬಿಸಿಲು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಪಪ್ಪನ ಪಟ್ಟಿಯನ್ನು ಮೂಸಿದಿ. ನನ್ನ ಬಕೆಟನ್ನು ಎತ್ತಿ ಅಂಗಳಕ್ಕೆ ಎಸೆದಿ. ‘ಎಷ್ಟು ದಿನದಿಂದ ಅದ್ದಿಸ್ತಾ ಇದ್ದಿ? ಎಷ್ಟು ದಿನದಿಂದ?’ ಎಂದು ನೀನು ಕಿರುಚಿದ್ದಕ್ಕೆ ಲಿಗೋರಿಯ ಮನೆಯವರೆಲ್ಲ ಹೊರಗೆ ಬಂದರು. ಆಟೋ ತಂದದ್ದು ನೀನು, ಪಪ್ಪನನ್ನು ಹಿಡಿದು ಕೂರಿಸಿದ್ದು ನೀನು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲ ಹೇಳಿದ್ದೂ ನೀನು. ಜೀವ ಉಳಿದದ್ದು ನಿನ್ನಿಂದ. ಇದನ್ನು ನಾನು ಯಾರ ಎದುರಿನಲ್ಲೂ ಹೇಳುತ್ತೇನೆ.

ಆದರೆ ವಾರ್ಡಿನಲ್ಲಿ ನೀನು ಮಾಡಿದ್ದು? ಡಾಕ್ಟರು, ‘ಯಾರಾದರೂ ಮೊದಲೇ ಹೇಳಬಾರದಿತ್ತಾ?’ ಎಂದು ಕೇಳಿದಾಗ ನೀನು ಬ್ಯಾಗಿನಿಂದ ಆ ಎರಡು ಕಾರ್ಡು ತೆಗೆದಿ. ‘ಹೇಳಿದ್ದೇನೆ ಡಾಕ್ಟರೇ, ಎರಡು ಸಲ ಹೇಳಿದ್ದೇನೆ, ಇಗೋ ಇವಳ ಸಹಿ’ ಎಂದು ನರ್ಸುಗಳ ಎದುರು, ಪಕ್ಕದ ಮಂಚದವರ ಎದುರು ಹಿಡಿದು ತೋರಿಸಿದಿ. ಪಪ್ಪ ನೋಡುತ್ತಾ ಇದ್ದರು. ಆ ಕಾರ್ಡುಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಿಯಾ ರೈಹಾ? ದಿನವೂ?

ಶೆಡ್ಡಿಗೆ ಬೀಗ ಹಾಕಿದ್ದೇನೆ. ಅಂಗಡಿಗಳಿಂದ ಬಾಟಲಿಗಳನ್ನು ವಾಪಸು ತರಿಸುತ್ತಿದ್ದೇನೆ. ಎಂತಕ್ಕೆ ಎಂದು ಕೇಳಿದವರಿಗೆ ನಿಜವೇ ಹೇಳುತ್ತಿದ್ದೇನೆ, ನನ್ನ ತಪ್ಪು ಎಂದು. ಆ ಅಪಾರ್ಟ್‌ಮೆಂಟಿಗೂ ಹೋಗಿದ್ದೆ. ಸೆಕ್ರೆಟರಿಗೆ, ‘ಪುತ್ತೂರಿನ ರೈ ಎಂದು ಯಾರೂ ಇಲ್ಲ. ರೈ ಅಂದರೆ ಉಳ್ಳಾಲದ ರೈಹಾನಾ. ಆ ದಿನ ಕ್ಯಾನ್ ಹಿಡಿದು ನಿಂತಿದ್ದವಳು’ ಎಂದು ಹೇಳಿದೆ. ಅವನು ನನ್ನನ್ನು ಕೂರಿಸಲೂ ಇಲ್ಲ. ಇಳಿದು ಬರುವಾಗ ನೀನು ಅದೇ ಮೆಟ್ಟಿಲುಗಳನ್ನು ಹೇಗೆ ಇಳಿದಿರಬಹುದು ಎಂದು ಗೊತ್ತಾಯಿತು.

ನೀನು ಗೆದ್ದಿ. ಕಾಲಿಗೆ ಬಿದ್ದೆ ಎಂದು ತಿಳಿದುಕೋ. ಕ್ಷಮಿಸು.

ಮೋಕ್ಷಾ


ಉಳ್ಳಾಲ
27 ಮೇ 2024

ಮೋಕ್ಷಾ,

ಕ್ಷಮಿಸುವುದಿಲ್ಲ.

ಸೆಕ್ರೆಟರಿಗೆ ನನ್ನ ಹೆಸರು ಹೇಳಿದ್ದಿ ಎಂದು ಬರೆದಿದ್ದಿ. ಆರ್ಡರು ಹೋದ ಮೇಲೆ, ಶೆಡ್ಡಿಗೆ ಬೀಗ ಬಿದ್ದ ಮೇಲೆ, ಇನ್ನು ಕಳೆದುಕೊಳ್ಳಲು ಏನೂ ಉಳಿಯದ ಮೇಲೆ ಹೇಳಿದ್ದಿ. ಅಂಥ ಸತ್ಯ ಯಾರಿಗೆ ಬೇಕು? ಅದು ಬೇಕಾಗಿದ್ದದ್ದು ನಾನು ಬಾಗಿಲಲ್ಲಿ ನಿಂತಿದ್ದಾಗ.

ಕಾರ್ಡು ತೋರಿಸಿದ್ದಕ್ಕೆ ನನಗೆ ಒಂದು ಚೂರೂ ಬೇಸರವಿಲ್ಲ. ಹೌದು, ದಿನವೂ ಬ್ಯಾಗಿನಲ್ಲಿ ಇರುತ್ತಿತ್ತು. ಬಸ್ಸಿನಲ್ಲಿ ಕೂತಾಗ ತೆಗೆದು ನಿನ್ನ ಸಹಿ ನೋಡುತ್ತಿದ್ದೆ. ನಾಲ್ಕು ಜನರ ಎದುರು ನಿನ್ನ ಬಾಯಿ ಕಟ್ಟಬೇಕು, ನಾನು ಸರಿ ಎಂದು ಆಗಬೇಕು ಎಂದಿತ್ತು, ಆಯಿತು. ನಾನು ನಿನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಸೋಪು ಹಾಕಬೇಡ ಅಂದೆ, ಹಾಕಿದಿ. ಅದ್ದಿಸಬೇಡ ಅಂದೆ, ಅದ್ದಿಸಿದಿ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನನ್ನ ಕೈ ಶುದ್ಧ ಉಂಟು.

ಮಾಮನ ಕಾಲಿಗೆ ನಾನು ಅತ್ತಿದ್ದೇನೆ. ಅದು ನಿನಗೆ ಸಂಬಂಧಪಟ್ಟದ್ದಲ್ಲ. ಅವರಿಗೆ ನನ್ನ ಸಲಾಂ ಹೇಳು. ನೀನು ಇನ್ನು ಬರೆಯಬೇಡ.

ರೈಹಾನಾ


ಕೂಳೂರು
16 ಜೂನ್ 2024

ಪ್ರೀತಿಯ ರೈಹಾನಾ ಮಗಳಿಗೆ,

ಮಾಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಕಾಲಿನ ಗಾಯ ಒಣಗಿದೆ. ಇಲ್ಲದ ಪಾದ ಕೆಲವೊಮ್ಮೆ ತುರಿಸುತ್ತದೆ. ತುರಿಸಲು ಕೈ ಹಾಕಿದರೆ ಅಲ್ಲಿ ಹಾಸಿಗೆ. ಆಗ ನನಗೇ ನಗು ಬರುತ್ತದೆ, ಮೋಕ್ಷಾಳಿಗೆ ಬರುವುದಿಲ್ಲ.

ನೀನು ಅವಳಿಗೆ ಬರೆದ ಕೊನೆಯ ಕಾಗದವನ್ನು ಅವಳು ಸುಡಲಿಲ್ಲ. ನನ್ನ ಕೈಗೆ ಕೊಟ್ಟು, ‘ಓದಿ ಪಪ್ಪ’ ಎಂದು ಹೇಳಿ ಒಳಗೆ ಹೋದಳು. ಓದಿದೆ. ಆಮೇಲೆ ಕೂರಿಸಿ ಕೇಳಿದೆ. ಮೀಟಿಂಗಿನ ಕತೆಯನ್ನೂ ಹೇಳಿದಳು, ಕ್ಯಾನ್ ಹೊರುವವಳು ಎಂದದ್ದನ್ನೂ ಹೇಳಿದಳು. ನನ್ನ ಮಗಳು ಅಂಥ ಮಾತು ಆಡಿದಳಾ ಎಂದು ನನಗೆ ನಾಚಿಕೆಯಾಯಿತು. ಊಟ ಬೇಡ ಎಂದು ತಟ್ಟೆ ದೂಡಿದೆ. ನಿನಗೆ ಆದ ಅವಮಾನಕ್ಕೆ ನಾನು ಕೈ ಮುಗಿಯುತ್ತೇನೆ. ನೀನು ಅವಳನ್ನು ಕ್ಷಮಿಸಬೇಕು ಎಂದು ನಾನು ಹೇಳುವುದಿಲ್ಲ. ಅದು ನಿಮ್ಮಿಬ್ಬರದ್ದು.

ಆದರೆ ಹಾಸಿಗೆಯಲ್ಲಿ ಬಿದ್ದುಕೊಂಡವನಿಗೆ ಬೇರೆ ಕೆಲಸ ಎಂತ ಉಂಟು? ಒಂದು ವಿಷಯ ತಲೆಯಲ್ಲಿ ತಿರುಗುತ್ತಾ ಇದೆ. ನಿನ್ನಲ್ಲಿ ಕೇಳದೆ ಆಗುವುದಿಲ್ಲ.

ನನ್ನ ಕಾಲನ್ನು ಬೇಸಿನ್ನಿನಲ್ಲಿ ಅದ್ದಿಸುತ್ತಾಳೆ ಎಂದು ಮೋಕ್ಷಾ ನಿನಗೆ ಫೆಬ್ರವರಿಯಲ್ಲೇ ಬರೆದಿದ್ದಳಂತೆ. ಆಗ ಹಸಿರು ಇರಲಿಲ್ಲ, ವಾಸನೆ ಇರಲಿಲ್ಲ, ಗಾಯ ಒಂದು ಬೊಟ್ಟಿನಷ್ಟು ಇತ್ತು. ನೀನು ಅವಳಿಗೆ ಉತ್ತರ ಬರೆದಿ. ಅದು ಬೇಡ ಎಂದು ಸರಿಯಾಗಿಯೇ ಬರೆದಿ, ರಿಜಿಸ್ಟರ್ ಮಾಡಿ ಕಳಿಸಿದಿ. ಅವಳು ನಿನ್ನ ಮಾತು ಕೇಳುವುದಿಲ್ಲ ಎಂದು ನಿನಗೆ ಗೊತ್ತಿತ್ತು, ಅದನ್ನೂ ಬರೆದಿದ್ದಿಯಂತೆ.

ನನಗೆ ಎಂತಕ್ಕೆ ಬರೆಯಲಿಲ್ಲ ಮಗಾ?

ಕಾಲು ನನ್ನದಲ್ಲವಾ? ವಿಳಾಸವೂ ಒಂದೇ, ಲಕೋಟೆಯ ಮೇಲೆ ಮೋಕ್ಷಾ ಎಂದು ಬರೆಯುವಲ್ಲಿ ಲೋಕಯ್ಯ ಎಂದು ಬರೆದಿದ್ದರೆ ಸಾಕಿತ್ತು. ಬರೆಯುವುದು ಬೇಡ, ಬಲ್ಮಠದಿಂದ ಕೂಳೂರಿಗೆ ಎಷ್ಟು ಬಸ್ಸು ಉಂಟು ಎಂದು ನನಗೆ ನೀನು ಹೇಳಬೇಕಾ? ಒಂದು ಹತ್ತಿ ಬಂದು, ‘ಮಾಮ, ಕಾಲು ಹೊರಗೆ ತೆಗೆಯಿರಿ’ ಅಂದಿದ್ದರೆ ಕೂಡಲೇ ತೆಗೆಯುತ್ತಿದ್ದೆ. ಯಾಕೆ ಎಂದೂ ಕೇಳುತ್ತಿರಲಿಲ್ಲ. ನೀನು ಹೇಳಿದ ಯಾವ ಮಾತನ್ನು ನಾನು ನಂಬಲಿಲ್ಲ ಹೇಳು?

ಕೋಪದಲ್ಲಿ ಕೇಳುತ್ತಿಲ್ಲ. ನಿನಗೆ ಹೊಳೆಯಲಿಲ್ಲವೋ, ಗಡಿಬಿಡಿಯಲ್ಲಿ ಮರೆತುಹೋಯಿತೋ, ಯಾವುದಾದರೂ ಸರಿ. ಹಾಗೆ ಒಂದು ಸಾಲು ಬರೆದು ಕಳಿಸು. ನೀನು ಬರೆದದ್ದನ್ನು ನಂಬಿ ನಾನು ಸುಮ್ಮನಾಗುತ್ತೇನೆ.

ನಿನ್ನ ಮಾಮ,
ಲೋಕಯ್ಯ


ಉಳ್ಳಾಲ
1 ಜುಲೈ 2024

ಲೋಕಯ್ಯ ಮಾಮ,

ಮರೆತುಹೋಯಿತು ಎಂದು ಒಂದು ಸಲ ಬರೆದೆ, ಹರಿದೆ. ಹೊಳೆಯಲಿಲ್ಲ ಎಂದು ಬರೆದೆ, ಅದನ್ನೂ ಹರಿದೆ. ನೀವು ನಂಬುತ್ತೀರಿ ಎಂದು ಹೇಳಿದ್ದಕ್ಕೇ ಆ ಸುಳ್ಳು ಬರೆಯಲು ಆಗಲಿಲ್ಲ.

ಹೊಳೆದಿತ್ತು ಮಾಮ. ನಿಮಗೆ ಒಂದು ಮಾತು ಹೇಳಿದ್ದರೆ ನೀವು ಆ ಕ್ಷಣವೇ ಕಾಲು ಹೊರಗೆ ತೆಗೆಯುತ್ತಿದ್ದಿರಿ. ಮೋಕ್ಷಾಳನ್ನು ಗದರಿಸಿ ಸೋಪು ಬಿಡಿಸುತ್ತಿದ್ದಿರಿ. ರೈಮೋ ಸರಿಯಾಗುತ್ತಿತ್ತು, ಅವಳು ಬಚಾವಾಗುತ್ತಿದ್ದಳು.

ಅದಕ್ಕೇ ನಿಮಗೆ ಬರೆಯಲಿಲ್ಲ.

ರೈಹಾನಾ